ಮೂರನೇ ಬೆಂಚಿನ ಕೆಮ್ಮು

ಜನವರಿ 30

ನಾಲ್ಕು ವರ್ಷದ ಮೇಲೆ ತಂಗಿಯ ಕಾಗದ ಬಂತು. ಬಾಗಿಲು ಸಿಸ್ಟರ್ ಅದನ್ನು, ನಾನು ಪೂಜೆಯ ರೊಟ್ಟಿ ಸುಡುವ ರೊಟ್ಟಿಕೋಣೆಗೇ ತಂದುಕೊಟ್ಟರು. ಹೊರಗಿನವರು ಇಟ್ಟು ತಿರುಗಿಸಿದ್ದು ಒಳಗಿನವರ ಕೈಗೆ ಬರುವ ಗೋಡೆಯ ಪೆಟ್ಟಿಗೆ ಈಚೆಗೆ ಕಿರ್ರೆನ್ನುತ್ತದೆ, ಅದಕ್ಕೆ ಎಣ್ಣೆ ಹಾಕಬೇಕು ಎಂದು ಗೊಣಗಿಕೊಂಡೇ ಬಂದರು. ನನ್ನ ಎರಡೂ ಕೈಗೆ ಹಿಟ್ಟು. ಮೂಲೆ ಹಿಡಿದು ಕಿಟಕಿಯ ಮೇಲಿಡಿ ಎಂದೆ.

"ಅಕ್ಷರ ನೋಡಿದರೆ ಸಿಟ್ಟಲ್ಲಿ ಬರೆದ ಹಾಗಿದೆ" ಎಂದರು.

"ಅವಳ ಅಕ್ಷರವೇ ಹಾಗೆ" ಎಂದೆ. ಸುಳ್ಳು. ಅವಳ ಅಕ್ಷರ ದುಂಡಗಿತ್ತು.

ಮಠದೊಳಗೆ ಬಂದು ಇಪ್ಪತ್ತಾರು ವರ್ಷವಾಯಿತು. ಬಂದ ದಿನ ಅಮ್ಮ ಹೊಸ್ತಿಲಲ್ಲಿ ನಿಂತು, ಈ ಬಾಗಿಲು ಇನ್ನು ನಿನಗಿಲ್ಲ ಎಂದಿದ್ದಳು. ತಂಗಿ ಅಮ್ಮನ ಹಿಂದೆ ನಿಂತು ಅಳುತ್ತಿದ್ದಳು. ಆಮೇಲೆ ಅಮ್ಮನನ್ನು ನೋಡಿಕೊಂಡವಳು ಅವಳೇ, ಕೊನೆಯವರೆಗೂ. ಅಮ್ಮ ಹೋದಾಗ ಆಗಿನ ಮದರ್ ನನಗೆ ಹೋಗಿ ಬರಲು ಅಪ್ಪಣೆ ಕೊಟ್ಟಿದ್ದರು. ನಾನೇ ಬೇಡ ಅಂದೆ. ಅದನ್ನೂ ದೇವರಿಗೆ ಒಪ್ಪಿಸಿದೆ. ಅದಾಗಿ ಒಂಬತ್ತು ವರ್ಷ, ತಂಗಿ ಈ ಕಡೆ ತಲೆ ಹಾಕಿಲ್ಲ.

ಚಿಕ್ಕವಳಿದ್ದಾಗ ಎಲ್ಲರ ಧ್ವನಿಯನ್ನೂ ಅನುಕರಿಸುತ್ತಿದ್ದಳು. ಅಮ್ಮನ ಧ್ವನಿಯಲ್ಲಿ ಕೂಗಿದರೆ ಒಳಕೋಣೆಯಿಂದ ಅಪ್ಪ "ಬಂದೆ ಬಂದೆ" ಎನ್ನುತ್ತಿದ್ದ. ನಾವಿಬ್ಬರೂ ಮಂಚದ ಕೆಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು.

ಧ್ಯಾನ: ಎಂದಿನಂತೆ. ಒಣಗಿದ ಬಾವಿ. ಹನ್ನೊಂದು ವರ್ಷದಿಂದ ಹೀಗೇ. ನಿಮ್ಮ ಕಣ್ಣಿಗೆ ಮಾತ್ರ ಎಂದು ಬರೆದಿಡಿ, ಬರೆದರೆ ದಾರಿ ಕಾಣುತ್ತದೆ ಎಂದು ಪಾಪನಿವೇದನೆ ಕೇಳುವ ಫಾದರ್ ಹೇಳಿದ್ದಕ್ಕೆ ಈ ಪುಸ್ತಕ. ಇಲ್ಲಿಯವರೆಗೆ ಕಂಡದ್ದು ನನ್ನ ಕೆಟ್ಟ ಅಕ್ಷರ.

ಕಾಗದ ಇನ್ನೂ ಒಡೆದಿಲ್ಲ.


ಫೆಬ್ರವರಿ 1

ಇಂದಿನಿಂದ ದೊಡ್ಡ ಮೌನ, ಮೂವತ್ತು ದಿನ. ಪ್ರಾರ್ಥನೆಯ ಹಾಡು ಬಿಟ್ಟರೆ ಮಾತಿಲ್ಲ, ಭೇಟಿಯಿಲ್ಲ; ಹೊರಗಿನವರಿಗೆ ಉತ್ತರ ಕೊಡಲು ಬಾಗಿಲು ಸಿಸ್ಟರ್ ಒಬ್ಬರಿಗೆ ವಿನಾಯಿತಿ. ತೀರಾ ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಬೇಕು. ಮಾರ್ಚ್ 2ರ ಬೆಳಗಿನ ಪೂಜೆ ಮುಗಿದ ಮೇಲೆ ಬಾಯಿ ಬಿಡಬಹುದು.

ಈ ಮನೆಯಲ್ಲೊಂದು ಪದ್ಧತಿ. ಮೌನ ಶುರುವಾಗುವಾಗ ಪ್ರತಿಯೊಬ್ಬಳೂ ತನಗೆ ಇಷ್ಟವಾದದ್ದೊಂದನ್ನು ಬಿಟ್ಟುಕೊಟ್ಟು, ಅದನ್ನು ಕಾಣಿಕೆ ಚೀಟಿಯಲ್ಲಿ ಬರೆದು ಬಲಿಪೀಠದ ಕೆಳಗಿನ ಡಬ್ಬಿಗೆ ಹಾಕುವುದು. ಹಾಕಿದ್ದನ್ನು ಹಿಂದಕ್ಕೆ ತೆಗೆಯುವ ಪದ್ಧತಿ ಇಲ್ಲ. ಒಬ್ಬರು ಸಕ್ಕರೆ ಬಿಡುತ್ತಾರೆ, ಒಬ್ಬರು ತಲೆದಿಂಬು. ಬಾಗಿಲು ಸಿಸ್ಟರ್ ಪ್ರತಿವರ್ಷವೂ ತಮಾಷೆ ಮಾಡುವುದನ್ನು ಬಿಡುತ್ತಾರೆ, ಎರಡನೇ ದಿನಕ್ಕೆ ಸೋಲುತ್ತಾರೆ.

ನನ್ನ ಹತ್ತಿರ ಕೊಡಲು ಏನೂ ಉಳಿದಿರಲಿಲ್ಲ. ಸಕ್ಕರೆ, ದಿಂಬು, ಮಧ್ಯಾಹ್ನದ ನಿದ್ದೆ ಎಲ್ಲ ಎಂದೋ ಹೋಗಿವೆ. ಆಗ ಕಿಟಕಿಯ ಮೇಲಿನ ಕಾಗದ ಕಣ್ಣಿಗೆ ಬಿತ್ತು. ಕೂಡಲೇ ಒಡೆದು ಓದಿಬಿಡಬೇಕೆನಿಸಿತು. ಇದೇ ಸರಿ ಎಂದು ಆಗಲೇ ಗೊತ್ತಾಯಿತು. ಚೀಟಿಯಲ್ಲಿ ಬರೆದೆ: "ತಂಗಿಯ ಕಾಗದ. ಮೌನ ಮುಗಿಯುವವರೆಗೆ ಓದುವುದಿಲ್ಲ. ಅವಳ ಒಳಿತಿಗಾಗಿ."

ಮೌನದ ಗಂಟೆಗೆ ಮೊದಲು ಮದರ್‌ಗೆ ಹೇಳಿದೆ. ಅವರು ನನಗಿಂತ ಐದು ವರ್ಷ ಚಿಕ್ಕವರು. ಹುಬ್ಬು ಗಂಟಿಕ್ಕಿದರು.

"ಓದಿಬಿಟ್ಟು ಮೌನಕ್ಕೆ ಹೋಗಿ ಸಿಸ್ಟರ್. ಏನಾದರೂ ಅರ್ಜೆಂಟ್ ಇದ್ದರೆ?"

"ಅರ್ಜೆಂಟ್ ಇದ್ದರೆ ಫೋನ್ ಮಾಡ್ತಿದ್ದಳು ಮದರ್."

"ನಾನು ತಡೆಯಲ್ಲ. ಆದರೆ ನನಗ್ಯಾಕೋ ಸರಿ ಕಾಣಲ್ಲ."

ಸಣ್ಣ ವಯಸ್ಸಿನವರು, ಇಂಥದ್ದರ ಬೆಲೆ ಗೊತ್ತಿಲ್ಲ ಎಂದುಕೊಂಡೆ. ಕಾಗದವನ್ನು ನನ್ನ ಕೋಣೆಯ ಶಿಲುಬೆಯ ಪಾದದ ಹತ್ತಿರ ನಿಲ್ಲಿಸಿದ್ದೇನೆ.


ಫೆಬ್ರವರಿ 4

ಏನೂ ಇಲ್ಲ. ರೊಟ್ಟಿಯ ಹಾಳೆಗಳು ತೇವ ಸಾಲದೆ ಒಡೆದವು. ಪೂಜೆಯಲ್ಲಿ ಹಂಚುವ ಬಿಲ್ಲೆ ಕತ್ತರಿಸುವಾಗ ಅರ್ಧಕ್ಕರ್ಧ ಚೂರು.


ಫೆಬ್ರವರಿ 9

ಬಂತು.

ಹೇಗೆ ಬರೆಯಲಿ? ಮಧ್ಯಾಹ್ನ ಮೂರರ ಧ್ಯಾನಕ್ಕೆ ಕೂತಿದ್ದೆ. ಮೊಣಕಾಲು ನೋಯುತ್ತಿತ್ತು, ನಾಳೆ ಎಷ್ಟು ಹಿಟ್ಟು ಕಲಸಬೇಕು ಎಂದು ತಲೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಪಕ್ಕದ ಮನೆಯ ಮೋಟಾರು ನಿಂತಾಗಲೇ ಅಲ್ಲವೇ ಅದು ಅಷ್ಟು ಹೊತ್ತು ಓಡುತ್ತಿತ್ತು ಎಂದು ತಿಳಿಯುವುದು, ಹಾಗೆ. ನನ್ನೊಳಗೆ ಇಷ್ಟು ವರ್ಷ ಎಷ್ಟು ಗದ್ದಲವಿತ್ತು ಎಂಬುದು ಅದು ನಿಂತ ಮೇಲೆ ಗೊತ್ತಾಯಿತು. ಮಾತಿಲ್ಲ, ಚಿತ್ರವಿಲ್ಲ. ಯಾರೋ ಎದುರಿಗಿದ್ದಾರೆ ಎಂಬ ಅರಿವು ಮಾತ್ರ. ಆ ಯಾರೋ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

ಗಂಟೆ ಬಾರಿಸಿದಾಗ ಒಂದು ನಿಮಿಷವಾಗಿದೆ ಅಂದುಕೊಂಡೆ. ಒಂದು ಗಂಟೆ ಕಳೆದಿತ್ತು. ಕೆನ್ನೆ ಒದ್ದೆಯಾಗಿತ್ತು.

ಹನ್ನೊಂದು ವರ್ಷ! ನಾನು ಹಟಮಾರಿ, ಬಿಡದೆ ಕೂತೆ. ಆದರೆ ಈಗಲೇ ಯಾಕೆ ಬಂತು ಎಂದು ನನಗೆ ಗೊತ್ತು. ಈ ಸಲ ನಿಜವಾಗಿ ನೋಯುವಂಥದ್ದನ್ನು ಕೊಟ್ಟೆನಲ್ಲ, ಅದಕ್ಕೆ. ಕೋಣೆಗೆ ಬಂದು ಕಾಗದದ ಅಂಚನ್ನು ಮುಟ್ಟಿದೆ, ಅಷ್ಟೇ. ತಂಗಿ, ನಿನಗೆ ಗೊತ್ತಿಲ್ಲದೆ ನನಗೆ ಎಂಥ ಉಪಕಾರ ಮಾಡಿದೆ.


ಫೆಬ್ರವರಿ 12

ಮೂರು ದಿನವೂ ಬಂತು. ಈಗ ಬೆಳಿಗ್ಗೆಯಿಂದಲೇ ಮೂರು ಗಂಟೆಗೆ ಕಾಯುತ್ತೇನೆ. ಚಪ್ಪಲಿ ಎಳೆದು ನಡೆಯುವವರ ಮೇಲೆ ಕೋಪ ಬರುತ್ತದೆ. ಬಾಗಿಲು ಸಿಸ್ಟರ್ ಊಟದ ಮೇಜಿನ ಮೇಲೆ ಚೀಟಿ ಜಾರಿಸಿದರು: "ಮುಖ ಹೊಳೀತಿದೆ. ರೊಟ್ಟಿ ಎಣ್ಣೇಲಿ ಕರಿದು ತಿಂತಿದ್ದೀರಾ?" ತಮಾಷೆ ಬಿಟ್ಟವರ ಗತಿ ಇದು. ನಾನು ನಗಲಿಲ್ಲ. ನಕ್ಕರೆ ಒಳಗಿನದು ಚೆಲ್ಲಿಹೋಗುತ್ತದೆ ಎನಿಸುತ್ತದೆ.


ಫೆಬ್ರವರಿ 17

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು. ಮುಂದೆ ಮನಸ್ಸು ಬೇರೆ ಹೇಳಬಹುದು.

ಮೂರು ಗಂಟೆಗೆ ಕೂತು ಐದು ನಿಮಿಷಕ್ಕೆ ಆ ಮೌನ ಬಂತು. ಎಂದಿಗಿಂತ ಆಳವಾಗಿ. ಆಗ ತೋಳು ಯಾರೋ ಎಳೆದರು. ಬಾಗಿಲು ಸಿಸ್ಟರ್. ಕೈಯಲ್ಲಿ ಚೀಟಿ: "ನಿಮ್ಮ ತಂಗಿ ಬಂದಿದ್ದಾರೆ. ಭೇಟಿ ಕೋಣೆಯಲ್ಲಿ ಕೂತಿದ್ದಾರೆ."

ಎದ್ದೇ ಬಿಡುತ್ತಿದ್ದೆ. ಆದರೆ ಯೋಚಿಸಿದೆ. ಅವಳ ಕಾಗದವನ್ನು ಓದುವುದಿಲ್ಲ ಎಂದು ದೇವರಿಗೆ ಬರೆದುಕೊಟ್ಟವಳು, ಅವಳನ್ನೇ ಹೋಗಿ ನೋಡಿದರೆ ಕೊಟ್ಟದ್ದನ್ನು ಹಿಂಬಾಗಿಲಿನಿಂದ ತೆಗೆದುಕೊಂಡಂತಾಗುವುದಿಲ್ಲವೇ? ಕೊಟ್ಟದ್ದಕ್ಕೇ ಅಲ್ಲವೇ ಈ ಕೃಪೆ ಬಂದಿರುವುದು? ಇದು ಪರೀಕ್ಷೆ ಎನಿಸಿತು. ದೇವರಿಗೆ ಹತ್ತಿರ ಬಂದಾಗಲೇ ಪರೀಕ್ಷೆ ಬರುವುದು.

ಚೀಟಿಯ ಕೆಳಗೆ ಬರೆದೆ: "ಮಾರ್ಚ್ 2ರ ನಂತರ ಬರಲಿ. ಅವಳಿಗಾಗಿ ಪ್ರಾರ್ಥಿಸುತ್ತಿದ್ದೇನೆಂದು ಹೇಳಿ."

ಬಾಗಿಲು ಸಿಸ್ಟರ್ ಓದಿದರು. ಹೋಗಲಿಲ್ಲ. ತಲೆ ಅಡ್ಡಡ್ಡ ಆಡಿಸಿ ಮತ್ತೆ ತೋಳು ಎಳೆದರು. ನಾನು ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಅವರ ಹೆಜ್ಜೆ ದೂರವಾಯಿತು. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಬಂದ ಮೌನದಲ್ಲಿ ಆ ಕಷ್ಟವೂ ಕರಗಿತು.

ಸಂಜೆಯ ಪ್ರಾರ್ಥನೆಯಲ್ಲೂ ಅದೇ ಗುಂಗು. ಹತ್ತು ಜನ ಕೀರ್ತನೆ ಹಾಡುತ್ತಿದ್ದರು, ನನಗೆ ಬಾಯಿ ತೆರೆಯಲೇ ಮನಸ್ಸಾಗಲಿಲ್ಲ. ತುಟಿ ಮಾತ್ರ ಆಡಿಸಿದೆ. ಒಂದೇ ಕಿರಿಕಿರಿ. ಜಾಲರಿಯ ಆಚೆ, ಜನ ಕೂರುವ ಕಡೆ, ಯಾರೋ ಹೆಂಗಸು ಒಂದೇ ಸಮನೆ ಕೆಮ್ಮುತ್ತಿದ್ದಳು. ಒಣ ಕೆಮ್ಮು, ಮರ ಸೀಳಿದ ಹಾಗೆ. ಎದ್ದು ಹೊರಗೆ ಹೋಗಿ ಕೆಮ್ಮಬಾರದೇ? ಅಷ್ಟು ಹಾಳಾದ ಗಂಟಲಿಟ್ಟುಕೊಂಡು ಬರುವುದಾದರೂ ಯಾಕೆ? ಕೊನೆಯವರೆಗೂ ಕೂತೇ ಇದ್ದಳು ಪುಣ್ಯಾತ್ಗಿತ್ತಿ.


ಫೆಬ್ರವರಿ 23

ಇನ್ನೂ ಬರುತ್ತಿದೆ. ಒಂದು ದಿನವೂ ತಪ್ಪಿಲ್ಲ. ನಾನು ಮಾಡಿದ್ದು ಸರಿ ಎಂಬುದಕ್ಕೆ ಇನ್ನೇನು ಬೇಕು?


ಮಾರ್ಚ್ 2

ಕಾಗದ ಓದಿದೆ. ಇಲ್ಲಿ ಪೂರ್ತಿ ಬರೆದುಕೊಳ್ಳುತ್ತೇನೆ. ಅದು ನನಗೆ ಆಗಬೇಕಾದ್ದೇ.

"ಅಕ್ಕ,
ಕೋಪ ಇದ್ದರೂ ಬರೀತಿದ್ದೀನಿ. ಗಂಟಲಲ್ಲಿ ಗಡ್ಡೆ ಆಗಿದೆ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು ಅಂದಿದ್ದಾರೆ. ಫೆಬ್ರವರಿ 19ಕ್ಕೆ ಆಪರೇಷನ್. ಜೀವಕ್ಕೇನೂ ಭಯ ಇಲ್ಲವಂತೆ, ಮಾತು ಮಾತ್ರ ಹೋಗುತ್ತೆ. ಫೋನಲ್ಲಿ ನನ್ನ ಧ್ವನಿ ಈಗಲೇ ಯಾರಿಗೂ ತಿಳಿಯಲ್ಲ, ಎದುರಿಗೆ ಕೂತರೆ ಇನ್ನೂ ಕೇಳುತ್ತೆ, ಅದಕ್ಕೇ ಕಾಗದ.

ಅಮ್ಮ ಕೊನೇ ದಿನ ನಿನ್ನ ವಿಷಯವಾಗಿ ಒಂದು ಮಾತು ಹೇಳಿದ್ದಳು. ನೀನು ಮಣ್ಣಿಗೂ ಬರಲಿಲ್ಲ ಅನ್ನೋ ಸಿಟ್ಟಿಗೆ ಒಂಬತ್ತು ವರ್ಷ ನನ್ನ ಹತ್ತಿರವೇ ಇಟ್ಟುಕೊಂಡೆ. ನಂದೂ ತಪ್ಪೇ. ಅದನ್ನ ಬರೆದರೆ ಏನೂ ಅಲ್ಲ. ಅಮ್ಮ ಹೇಳಿದ ಹಾಗೆ, ಅಮ್ಮನ ಧ್ವನೀಲಿ ನಿನ್ನ ಕಿವಿಗೆ ಬೀಳಬೇಕು. ಅದು ನನಗೊಬ್ಬಳಿಗೇ ಬರೋದು, ನಿನಗೇ ಗೊತ್ತಲ್ಲ.

17ನೇ ತಾರೀಕು ಮೂರು ಗಂಟೆಗೆ ಬರ್ತೀನಿ. ಕಾಲು ಗಂಟೆ ಸಾಕು. ಆ ದಿನ ಆಗಲ್ಲ ಅಂದರೆ ತಿಳಿಸು, ಬೇರೆ ದಿನ ಬರ್ತೀನಿ. ಆದರೆ 19ರ ಒಳಗೆ."


ಮಾರ್ಚ್ 3

ರೊಟ್ಟಿಕೋಣೆಯಲ್ಲಿ ಬೆರಳು ಸುಟ್ಟುಕೊಂಡೆ. ಗೊತ್ತೇ ಆಗಲಿಲ್ಲ.


ಮಾರ್ಚ್ 4

ಬಾಗಿಲು ಸಿಸ್ಟರನ್ನು ಕೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ಇವತ್ತು ಅವರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹೋಗಿ ಬಕೆಟ್ಟಿನ ಇನ್ನೊಂದು ಬದಿಗೆ ನಿಂತೆ.

"ಅವತ್ತು ಏನಾಯ್ತು ಹೇಳಿ ಸಿಸ್ಟರ್."

ಅವರು ಒಂದು ಟವೆಲ್ ಹಿಂಡಿ, ಒದರಿ, ಕ್ಲಿಪ್ ಹಾಕಿದರು.

"ನಿಮ್ಮ ಚೀಟಿ ಓದಿ ಹೇಳಿದೆ. ಕೂಗಾಡ್ತಾರೆ ಅಂದುಕೊಂಡಿದ್ದೆ. ಇಲ್ಲ. 'ನನ್ನ ಕಾಗದ ಬಂತಾ?' ಅಂದ್ರು. ಬಂತು ಅಂದೆ. ಓದಿಲ್ಲ ಅನ್ನೋದು ನನಗೇನು ಗೊತ್ತು? ನಿಮ್ಮ ಕಾಣಿಕೆ ಚೀಟಿ ಡಬ್ಬೀಲಿ ಇತ್ತು."

"ಹಾಗಾದರೆ ಅವಳು, ನಾನು ಓದಿಯೂ ಬರಲಿಲ್ಲ ಅಂದುಕೊಂಡಳು."

"ಹೌದು."

ಆಮೇಲಿನದನ್ನು ಅವರು ಒಗೆದ ಬಟ್ಟೆಗಳಿಗೆ ಹೇಳುವಂತೆ ಹೇಳಿದರು. ತಂಗಿ ಹೋಗಲಿಲ್ಲವಂತೆ. ಸಂಜೆ ಹಾಡ್ತಾರಾ ಎಂದು ಕೇಳಿದಳಂತೆ. ಐದೂವರೆಗೆ ಹಾಡ್ತಾರೆ, ಜಾಲರಿಯ ಹಿಂದೆ ಇರ್ತಾರೆ, ಮುಖ ಕಾಣಲ್ಲ ಎಂದರಂತೆ ಇವರು. "ಮುಖ ಬೇಡ ಬಿಡಿ. ಅವಳ ಧ್ವನಿ ಕೇಳಿ ಹೋಗ್ತೀನಿ" ಅಂದಳಂತೆ. ಎರಡು ಗಂಟೆಗೂ ಹೆಚ್ಚು ಹೊತ್ತು, ಜನ ಕೂರುವ ಕಡೆ, ಮೂರನೇ ಬೆಂಚಿನಲ್ಲಿ ಕೂತಿದ್ದಳು. ಕೆಮ್ಮು ತಡೆಯಲಾಗದೆ ಇದ್ದಾಗ ಇವರೇ ಬಿಸಿನೀರು ಕೊಟ್ಟರಂತೆ.

"ನೀವು ಚೆನ್ನಾಗಿ ಹಾಡ್ತೀರಿ, ಬಿಡಿ. ಅದನ್ನಾದ್ರೂ ಕೇಳಿಸಿಕೊಂಡು ಹೋದ್ರಲ್ಲ" ಎಂದರು, ನನ್ನನ್ನು ಸಮಾಧಾನ ಮಾಡಲು.

ನಾನು ಅವತ್ತು ಹಾಡಲಿಲ್ಲ. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಫೆಬ್ರವರಿ 17ರಂದು ಏನು ಬರೆದಿದ್ದೇನೆಂದು ಈಗ ತೆಗೆದು ಓದಿದೆ. ಪುಟ ಹರಿಯೋಣ ಎನಿಸಿತು. ಹರಿಯುವುದಿಲ್ಲ. ಇರಲಿ.


ಮಾರ್ಚ್ 5

ಮದರ್ ಹತ್ತಿರ ಹೋಗಿ, ನಾನು ಹೊರಗೆ ಹೋಗಬೇಕು, ಅವಳನ್ನು ನೋಡಬೇಕು ಎಂದೆ. ಅವರು ಅಲ್ಲೇ ಫೋನ್ ಎತ್ತಿ ತಂಗಿಯ ಗಂಡನ ಹತ್ತಿರ ಮಾತಾಡಿದರು. ಆಪರೇಷನ್ ಚೆನ್ನಾಗಿ ಆಗಿದೆ. ಉಸಿರಿಗೆ ಕತ್ತಿನಲ್ಲಿ ತೂತು ಮಾಡಿದ್ದಾರೆ. ಊಟ ಮಾಡುತ್ತಾಳೆ. ಮಠದ ಮಾತೆತ್ತಿದರೆ ಮುಖ ತಿರುಗಿಸುತ್ತಾಳೆ. ತಂಗಿಯ ಗಂಡ ಫೋನ್ ಹಿಡಿದುಕೊಂಡೇ, ನಾನು ಬರಬಹುದೇ ಎಂದು ಅವಳನ್ನು ಕೇಳಿದರಂತೆ. ಸ್ಲೇಟಿನ ಮೇಲೆ ಬರೆದಳಂತೆ: "ಸದ್ಯಕ್ಕೆ ಬೇಡ."

ಫೋನ್ ಇಟ್ಟ ಮೇಲೆ ನಾನು ನನ್ನ ಸಮರ್ಥನೆ ಶುರುಮಾಡಿದೆ. ನನಗಿಷ್ಟವಾದದ್ದನ್ನೇ ಕೊಡಬೇಕಿತ್ತು, ಅದಕ್ಕೇ ಕೊಟ್ಟೆ, ಅವಳ ಒಳಿತಿಗೇ ಕೊಟ್ಟೆ ಎಂದೆಲ್ಲ. ಮದರ್ ಪೂರ್ತಿ ಕೇಳಿಸಿಕೊಂಡರು.

"ಸಿಸ್ಟರ್, ಆ ಕಾಗದ ಅವಳದು. ಅವಳದನ್ನ ತಗೊಂಡು ನೀವು ದೇವರಿಗೆ ಕೊಟ್ಟಿರಿ."

ಬಯ್ದಿದ್ದರೆ ವಾಸಿಯಿತ್ತು. ಬಯ್ಯಲಿಲ್ಲ.

"ಹಾಗಾದರೆ ಆ ಮೌನ, ಆ ಕೃಪೆ? ಅದೂ ಸುಳ್ಳಾ ಮದರ್?"

"ನನಗೆ ಗೊತ್ತಿಲ್ಲ. ಸುಳ್ಳು ಅಂತ ಹೇಳೋಕೆ ನಾನ್ಯಾರು? ಆದರೆ ಅದು ಬಂದಿದ್ದು ನಿಮ್ಮನ್ನ ಅಲ್ಲಿ ಕೂರಿಸೋಕೋ, ಎಬ್ಬಿಸೋಕೋ, ಅದನ್ನ ನೀವು ಕೇಳಲೇ ಇಲ್ಲ."

ಅಮ್ಮ ಹೋದಾಗ ಮಾಡಿದ್ದೂ ಇದೇ. ಅಮ್ಮನ ಮಣ್ಣು ನನ್ನ ಸ್ವತ್ತೇನೂ ಆಗಿರಲಿಲ್ಲ, ಅದನ್ನೂ ಎತ್ತಿ ಕೊಟ್ಟುಬಿಟ್ಟಿದ್ದೆ. ಒಂಬತ್ತು ವರ್ಷ ಅದನ್ನು ತ್ಯಾಗ ಎಂದುಕೊಂಡು ಒಳಗೊಳಗೇ ಬೀಗಿದ್ದೇನೆ. ನಾಚಿಕೆಯಾಗುತ್ತದೆ.


ಮಾರ್ಚ್ 8

ತಂಗಿಗೆ ಕಾಗದ ಬರೆದೆ. ಮೊದಲ ಸಲ ನಾಲ್ಕು ಪುಟ, ಎಲ್ಲ ವಿವರಣೆ. ಹರಿದೆ. ಎರಡನೆಯದು ಎರಡು ಪುಟ, ಅದರಲ್ಲಿ ಅರ್ಧ ದೇವರ ವಿಷಯ. ಅದನ್ನೂ ಹರಿದೆ. ಕೊನೆಗೆ ಕಳಿಸಿದ್ದು ಇಷ್ಟು: "ನಿನ್ನ ಕಾಗದವನ್ನು ಓದದೆ ಇಟ್ಟಿದ್ದೆ. ಮಾರ್ಚ್ 2ಕ್ಕೆ ಓದಿದೆ. ಓದದಿದ್ದರೂ ನೀನು ಬಂದಾಗ ಬರಬೇಕಿತ್ತು. ಬರಲಿಲ್ಲ. ಅವತ್ತು ಸಂಜೆ ಹಾಡಲೂ ಇಲ್ಲ. ತಪ್ಪು ನನ್ನದು."


ಮಾರ್ಚ್ 11

ಧ್ಯಾನ: ಮೌನ ಬರುವಂತಾಯಿತು. ಬಾಗಿಲ ತನಕ ಬಂತು ಎನ್ನಬೇಕು. ನನಗೆ ಭಯವಾಗಿ ಕಣ್ಣು ತೆರೆದೆ. ಆಮೇಲೆ ಬರಲಿಲ್ಲ.


ಮಾರ್ಚ್ 20

ಬಾಗಿಲು ಸಿಸ್ಟರ್‌ಗೆ ಮೊಣಕಾಲು ಊದಿದೆ. ಮಧ್ಯಾಹ್ನದ ಹೊತ್ತು ಬಾಗಿಲನ್ನು ಯಾರಾದರೂ ನೋಡಿಕೊಳ್ಳಬೇಕು ಎಂದು ಮದರ್ ಹೇಳಿದರು. ಮೂರು ಗಂಟೆ ಎಂದರೆ ಎಲ್ಲರಿಗೂ ಧ್ಯಾನದ ಹೊತ್ತು. ನಾನು ನೋಡಿಕೊಳ್ಳುತ್ತೇನೆ ಎಂದೆ. ಹೇಗಿದ್ದರೂ ನನಗೀಗ ಧ್ಯಾನವಿಲ್ಲ.

ಇವತ್ತು ಒಬ್ಬ ಹೆಂಗಸು ಬಂದು ಆ ತಿರುಗು ಪೆಟ್ಟಿಗೆಯ ಎದುರು ಮುಕ್ಕಾಲು ಗಂಟೆ ಮಾತಾಡಿದಳು. ಅವಳ ನಾಯಿ ಕಾಣೆಯಾಗಿದೆ. ನಾಯಿಯ ಬಣ್ಣ, ಕಿವಿ, ಅದು ಯಾರನ್ನು ಕಂಡರೆ ಬೊಗಳುತ್ತದೆ, ಗಂಡ ತೀರಿಕೊಂಡ ಮೇಲೆ ಅದು ಹೇಗೆ ಮಂಚದ ಗಂಡನ ಬದಿಯಲ್ಲೇ ಮಲಗಲು ಶುರುಮಾಡಿತು, ಎಲ್ಲ. ಪೆಟ್ಟಿಗೆಯ ಆಚೆ ಅವಳು, ಈಚೆ ನಾನು. ಮಧ್ಯೆ ಒಂದು ಸಲ ಅವಳು "ಇದ್ದೀರಾ?" ಎಂದು ಕೇಳಿದಳು. "ಇದ್ದೀನಮ್ಮ, ಹೇಳಿ" ಎಂದೆ.

ಧ್ಯಾನದ ಗಂಟೆ ಅಲ್ಲಿಗೆ ಹೋಯಿತು.


ಏಪ್ರಿಲ್ 2

ಸಂಜೆ ಹಾಡಿನ ಮಧ್ಯೆ ಜಾಲರಿಯ ಆಚೆ ಯಾರೋ ಕೆಮ್ಮಿದರು. ಕೀರ್ತನೆಯ ಪುಸ್ತಕವನ್ನು ಪಕ್ಕದವರ ಕೈಗೆ ತುರುಕಿ ಎದ್ದು ಓಡಿದೆ. ಅಡುಗೆಮನೆಯಿಂದ ಬಿಸಿನೀರು ತಂದು ಹೊರಬಾಗಿಲಿನಿಂದ ಕೊಟ್ಟೆ. ಯಾರೋ ಮುದುಕರು. ಗಾಬರಿಯಾಗಿ ನೋಡಿದರು, ಪಾಪ. ನೀರು ಕುಡಿದು ಲೋಟ ವಾಪಸು ಕೊಟ್ಟರು.

ಊಟದ ಹೊತ್ತಿಗೆ ಬಾಗಿಲು ಸಿಸ್ಟರ್, "ನನ್ನ ಕೆಲಸಕ್ಕೇ ಕೈ ಹಾಕಿದಿರಿ. ನನಗಿನ್ನು ರೊಟ್ಟಿ ಸುಡೋದು ಕಲಿಸಿ" ಎಂದರು. ನಕ್ಕೆ. ಪ್ರಾರ್ಥನೆ ಅರ್ಧಕ್ಕೇ ಕೆಟ್ಟಿತು. ಇದನ್ನು ಫಾದರ್ ಕೇಳಿದರೆ ಏನನ್ನುತ್ತಾರೋ.

ತಂಗಿಯಿಂದ ಉತ್ತರವಿಲ್ಲ.


ಏಪ್ರಿಲ್ 14

ಬೆಳಿಗ್ಗೆಯ ಕೆಲಸ ಮುಗಿಯದೆ ಮಧ್ಯಾಹ್ನವೂ ರೊಟ್ಟಿಕೋಣೆಯಲ್ಲಿದ್ದೆ. ಕಾದ ಕಬ್ಬಿಣದ ಮೇಲೆ ಆಗತಾನೆ ಹಿಟ್ಟು ಹುಯ್ದಿದ್ದೆ. ಬಾಗಿಲು ಸಿಸ್ಟರ್ ಕುಂಟಿಕೊಂಡು ಬಂದರು.

"ನಿಮ್ಮ ತಂಗಿ..."

ಪೂರ್ತಿ ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಹಿಂದೆ ಅವರು "ಇದನ್ನ ಏನು ಮಾಡ್ಲಿ?" ಎಂದು ಕೂಗುವುದು ಕೇಳಿಸಿತು. ಸೀದುಹೋಗಿರಬೇಕು.

ಭೇಟಿ ಕೋಣೆಯ ಜಾಲರಿಯ ಆಚೆ ತಂಗಿ ಕೂತಿದ್ದಳು. ತೆಳ್ಳಗಾಗಿದ್ದಾಳೆ. ಕೂದಲು ಅರ್ಧ ನರೆತಿದೆ. ಕತ್ತಿಗೆ ತೆಳು ಬಟ್ಟೆ, ಅದು ಉಸಿರಿಗೆ ಸಣ್ಣಗೆ ಅಲುಗುತ್ತಿತ್ತು. ತೊಡೆಯ ಮೇಲೆ ಸ್ಲೇಟು. ನಾನು ಬರುವ ಮೊದಲೇ ಬರೆದಿಟ್ಟುಕೊಂಡಿದ್ದಳು. ಎತ್ತಿ ತೋರಿಸಿದಳು:

"ಎಷ್ಟು ನಿಮಿಷ ಕೊಡ್ತೀಯ?"

"ಎಷ್ಟು ಬೇಕೋ ಅಷ್ಟು" ಎಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ನಾನೇನಾ ಎನಿಸುವಷ್ಟು ಮಾತಾಡಿದೆ. ಕಾಣಿಕೆ ಚೀಟಿ, ಡಬ್ಬಿ, ಅವತ್ತಿನ ಮೂರು ಗಂಟೆ, ಎಲ್ಲ ಹೇಳಿದೆ. ಅವಳ ಕೆಮ್ಮು ಕೇಳಿ ನಾನು ಬಯ್ದುಕೊಂಡದ್ದನ್ನೂ ಹೇಳಿದೆ. ಕ್ಷಮಿಸು ಎಂದು ಕೇಳಿದೆ. ಅಮ್ಮನ ಮಣ್ಣಿಗೆ ಬರದಿದ್ದಕ್ಕೂ ಕ್ಷಮಿಸು ಎಂದೆ. ಅವಳು ಕಣ್ಣು ಪಿಳುಕಿಸದೆ ಕೇಳಿದಳು. ನಮ್ಮಿಬ್ಬರಲ್ಲಿ ಮೌನವಾಗಿದ್ದವಳು ಅವಳು.

ನಾನು ನಿಲ್ಲಿಸಿದ ಮೇಲೆ ಬರೆದಳು: "ಅವತ್ತು ಹತ್ತು ಜನ ಹಾಡಿದರು. ಹತ್ತನ್ನೂ ಒಂದೊಂದಾಗಿ ಕೇಳಿದೆ. ನೀನು ಅದರಲ್ಲಿ ಇರಲಿಲ್ಲ."

ಒರೆಸಿದಳು. ಮತ್ತೆ ಬರೆದಳು: "ಆಪರೇಷನ್ ಟೇಬಲ್ ಮೇಲೆ ಅದೇ ಯೋಚನೆ. ಅಕ್ಕ ಸತ್ತುಹೋಗಿದ್ದಾಳೇನೋ, ಇವರು ಹೇಳ್ತಿಲ್ಲವೇನೋ ಅಂತ."

ನಾನು ಜಾಲರಿ ಹಿಡಿದುಕೊಂಡು ಅತ್ತೆ. ಅವಳು ಸುಮ್ಮನಿರಿಸಲಿಲ್ಲ. ಅಳಲಿ ಎಂದು ಬಿಟ್ಟಳು. ಅದೂ ಸರಿಯೇ.

ಆಮೇಲೆ ಸ್ಲೇಟನ್ನು ಪಕ್ಕಕ್ಕಿಟ್ಟಳು. ಎದ್ದು ನಿಂತಳು. ಏನು ಮಾಡುತ್ತಿದ್ದಾಳೆ ಎಂದು ಮೊದಲು ತಿಳಿಯಲಿಲ್ಲ. ಬಲಗೈಯನ್ನು ಸೊಂಟಕ್ಕೆ ಎರಡು ಸಲ ಒರೆಸಿಕೊಂಡಳು, ಅಡುಗೆಮನೆಯಿಂದ ಬಂದ ಅಮ್ಮ ಒರೆಸಿಕೊಳ್ಳುತ್ತಿದ್ದ ಹಾಗೆ. ಗದ್ದ ಸ್ವಲ್ಪ ಎತ್ತಿದಳು. ಎಡ ಹುಬ್ಬು ಮೇಲೆ ಹೋಯಿತು. ಅಮ್ಮನೇ ಬಂದು ನಿಂತಳು. ತಂಗಿಯ ತುಟಿ ಆಡಿತು, ನಿಧಾನವಾಗಿ, ಅಮ್ಮ ಬಯ್ಯುತ್ತಾ ಮುದ್ದು ಮಾಡುವಾಗಿನ ಹಾಗೆ ಕೊನೆಯ ಮಾತನ್ನು ಸ್ವಲ್ಪ ಎಳೆದು. ಸದ್ದಿಲ್ಲ. ಬಟ್ಟೆಯ ಹಿಂದೆ ಉಸಿರು ಮಾತ್ರ ಹೋಗಿ ಬಂತು.

ಓದಲು ಬಂತು ನನಗೆ. ಆದರೂ ತಪ್ಪಾಯಿತೇನೋ ಎಂದು, "ಇನ್ನೊಂದು ಸಲ" ಎಂದೆ. ಇನ್ನೊಂದು ಸಲ ಮಾಡಿದಳು. ಅಮ್ಮ ಅವಳಿಗೆ ಹೇಳಿಹೋದ ಮಾತು, ನನ್ನ ಬಗ್ಗೆ.

"ದೊಡ್ಡವಳು ಬಂದರೆ ಕಾಯಿಸಬೇಡ. ಬಾಗಿಲು ತೆಗಿ."

ತಂಗಿ ಬರೆದು ತೋರಿಸಲು ಸ್ಲೇಟಿಗೆ ಕೈ ಹಾಕಿದಳು. ಬೇಡ, ತಿಳೀತು ಎಂದೆ. ಅವಳು ಕೂತು, ಗಂಟಲಿನ ಬಟ್ಟೆಯ ಮೇಲೆ ಕೈಯಿಟ್ಟು, ಇಲ್ಲ ಎನ್ನುವಂತೆ ತಲೆಯಾಡಿಸಿದಳು. ಇದಲ್ಲ ನಾನು ತಂದಿದ್ದು, ಅದು ಬೇರೆಯೇ ಇತ್ತು ಎಂದು ಅದರರ್ಥ. ಅದು ನನಗೆ ಗೊತ್ತು. ಫೆಬ್ರವರಿ 17ರ ಮೂರು ಗಂಟೆಗೆ ಅಮ್ಮ ತನ್ನ ಧ್ವನಿಯೊಡನೆ ಈ ಕೋಣೆಗೆ ಬಂದು ಕೂತಿದ್ದಳು. ಐವತ್ತು ಹೆಜ್ಜೆ ದೂರದಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇಬ್ಬರನ್ನೂ ಕಾಯಿಸಿದೆ, ಬಾಗಿಲು ತೆಗೆಯಲಿಲ್ಲ.

ಹೊರಡುವಾಗ ಅವಳನ್ನು ಕೇಳಿದೆ, "ಮತ್ತೆ ಬರ್ತೀಯಾ?"

ಬರೆದಳು: "ನೋಡೋಣ."

ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. "ಇವರು ಆರು ಗಂಟೆಗೆ ಕರಕೊಂಡು ಹೋಗೋಕೆ ಬರ್ತಾರೆ. ಅಲ್ಲೀವರೆಗೆ ಬೆಂಚಲ್ಲಿ ಕೂತಿರ್ತೀನಿ. ಹಾಡು."

ಹಾಡಿದೆ. ಪ್ರಾರ್ಥನೆಯ ಕಡೆಯ ಜಾಲರಿ ಒತ್ತೊತ್ತಾಗಿದೆ, ನಮ್ಮ ಕಡೆಯಿಂದ ಆಚೆಗೆ ಏನೂ ಕಾಣುವುದಿಲ್ಲ. ಅವಳು ಕೂತಿದ್ದಾಳೋ ಎದ್ದು ಹೋದಳೋ ತಿಳಿಯಲು ದಾರಿಯಿಲ್ಲ. ಕೆಮ್ಮು ಸಹ ಇಲ್ಲ. ಮೊದಲ ಕೀರ್ತನೆಯಲ್ಲಿ ಕಿವಿಯೆಲ್ಲ ಆ ಕಡೆಗೇ ಇತ್ತು. ಎರಡನೆಯದರಲ್ಲಿ ಸ್ವರ ತಪ್ಪಿತು. ಆಮೇಲೆ ಅವಳಿದ್ದಾಳೆಂದೇ ಇಟ್ಟುಕೊಂಡು ಹಾಡಿದೆ, ಕೊನೆಯ ಸಾಲಿನವರೆಗೆ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ.

ಕೋಣೆಗೆ ಬಂದು ಅವಳ ಧ್ವನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಂಚದ ಕೆಳಗಿನ ನಗು, ನಾನು ಹೊರಟ ದಿನದ ಅಳು, ಯಾವುದೂ ಕಿವಿಗೆ ಸಿಗಲಿಲ್ಲ. ಅವಳ ಧ್ವನಿಯಲ್ಲಿ ನನಗೆ ಉಳಿದಿರುವುದು ಆ ಸಂಜೆಯ ಕೆಮ್ಮು ಒಂದೇ.


ಏಪ್ರಿಲ್ 15

ಬೆಳಿಗ್ಗೆ ಪೆಟ್ಟಿಗೆ ತಿರುಗಿಸಿದಾಗ ಒಳಗೊಂದು ಚೀಟಿ ಇತ್ತು. ನಿನ್ನೆ ಹೋಗುವಾಗ ಇಟ್ಟಿರಬೇಕು. ಅಕ್ಷರ ದುಂಡಗಿದೆ.

"ಎರಡನೇ ಹಾಡಲ್ಲಿ ಸ್ವರ ಬಿಟ್ಟೆ. ಅಮ್ಮ ಇದ್ದಿದ್ದರೆ ತಲೆಗೆ ಮೊಟಕ್ತಿದ್ದಳು. ಮುಂದಿನ ಸಲಕ್ಕೆ ಸರಿ ಮಾಡಿಕೋ."

ನಿಂತಲ್ಲೇ ಮೂರು ಸಲ ಓದಿದೆ. ಕೋಣೆಯಲ್ಲಿ ಶಿಲುಬೆಯ ಪಾದದ ಹತ್ತಿರ ಇಟ್ಟಿದ್ದೇನೆ, ಮಡಿಸದೆ.

ಮೂರು ಗಂಟೆಗೆ ಆ ನಾಯಿಯ ಹೆಂಗಸು ಬಂದಿದ್ದಳು. ನಾಯಿ ಸಿಕ್ಕಿಲ್ಲ. ಇವತ್ತೂ ಧ್ಯಾನ ಆಗಲಿಲ್ಲ.